ಇಂಡಿ ಲಿಂಬೆ ಮತ್ತು ಒಂದು ಬಾಟಲಿ ಡ್ರೈ ಜಿನ್: ಮನೆಯಲ್ಲೇ ಗಿಮ್ಲೆಟ್‌ನಿಂದ ಮಾರ್ಟಿನಿವರೆಗೆ

ನಮ್ಮ ವಿಜಯಪುರದ ಕಡೆ ಜಿನ್ ಕುಡಿಯುವವರು ಕಡಿಮೆ. ಕುಡಿಯುವವರಲ್ಲೂ ಬಹಳ ಜನ ಅದಕ್ಕೆ ಸ್ಪ್ರೈಟ್ ಸುರಿದು ಮುಗಿಸುತ್ತಾರೆ. ಆಮೇಲೆ "ಜಿನ್‌ಗೆ ರುಚಿಯೇ ಇಲ್ಲ" ಅನ್ನುತ್ತಾರೆ. ಅಷ್ಟು ಸಕ್ಕರೆಯ ಕೆಳಗೆ ಯಾವ ರುಚಿ ಉಳಿಯಬೇಕು ಹೇಳಿ?

ಡ್ರೈ ಜಿನ್‌ಗೆ ಬೇಕಾದ ಜೊತೆ ಒಳ್ಳೆಯ ಲಿಂಬೆಹಣ್ಣು. ಅದು ನಮ್ಮ ಜಿಲ್ಲೆಯಲ್ಲೇ ಬೆಳೆಯುತ್ತದೆ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಇದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಇಷ್ಟೆಲ್ಲ ಇಟ್ಟುಕೊಂಡು ನಾವು ಬಾಟಲಿಯಲ್ಲಿ ಬರುವ ಕೃತಕ ಲಿಂಬೆ ರುಚಿಗೆ ಹೋಗುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಒಂದು ಬಾಟಲಿ ಜಿನ್, ಒಂದು ಚೀಲ ಲಿಂಬೆ, ಸಕ್ಕರೆ, ಐಸ್ ಇದ್ದರೆ, ಮೇಲೆ ಪಾಕಕ್ಕೆ ತಕ್ಕ ಒಂದೆರಡು ಸಾಮಾನು ಸೇರಿಸಿ ಮನೆಯಲ್ಲೇ ನಾಲ್ಕೈದು ಹಳೆಯ ಕಾಕ್‌ಟೇಲ್ ಮಾಡಬಹುದು. ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಇದು 21 ದಾಟಿದವರಿಗೆ ಮಾತ್ರ. ಬಸುರಿಯರು, ಮಾತ್ರೆ ತೆಗೆದುಕೊಳ್ಳುತ್ತಿರುವವರು, ಕುಡಿತ ಬಿಟ್ಟವರು ಇದರ ಕಡೆ ಬರಬೇಡಿ. ಅವರಿಗೂ ಒಂದು ಶರಬತ್ತು ಇದೆ, ಕೊನೆಯಲ್ಲಿ ಹೇಳುತ್ತೇನೆ.

ಬಾಟಲಿ ಕೊಳ್ಳುವ ಮೊದಲು

ಜಿನ್ ಅಂದರೆ ಜುನಿಪರ್ ಕಾಯಿಯ ರುಚಿ ಹಿಡಿದ ಮದ್ಯ. ಜುನಿಪರ್ ಚಳಿ ನಾಡಿನ ಗಿಡ, ಹಿಮಾಲಯದಲ್ಲೂ ಬೆಳೆಯುತ್ತದೆ. ಅದರ ಕಾಯಿ ನೋಡಲು ಒಣಗಿದ ನೀಲಿ ದ್ರಾಕ್ಷಿಯ ಹಾಗೆ ಇರುತ್ತದೆ. ಕಚ್ಚಿದರೆ ದೇವದಾರು ಕಟ್ಟಿಗೆಯ ವಾಸನೆ, ಹಿಂದೆಯೇ ಸ್ವಲ್ಪ ಕಹಿ. ಇದರ ಜೊತೆ ಹಾಕುವ ಉಳಿದ ಸಾಮಾನು ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಮುಖ್ಯವಾದದ್ದು ಹವೀಜ, ಅಂದರೆ ಕೊತ್ತಂಬರಿ ಬೀಜ. ಹೌದು, ನಾವು ಸಾರಿನ ಪುಡಿಗೆ ಹುರಿಯುವ ಅದೇ ಹವೀಜ. ಆಮೇಲೆ ಆ್ಯಂಜೆಲಿಕಾ ಅನ್ನುವ ಬೇರು, ಲಿಂಬೆ ಕಿತ್ತಳೆ ಸಿಪ್ಪೆ, ಕೆಲವರಲ್ಲಿ ದಾಲ್ಚಿನ್ನಿ, ಯಾಲಕ್ಕಿ, ಜ್ಯೇಷ್ಠಮಧು. ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯ ಅರ್ಧ ಅಲ್ಲೇ ಇದೆ.

ಮೊದಲು ಯಾವ ವಾಸನೆಯೂ ಇಲ್ಲದ ಮದ್ಯಸಾರ ತಯಾರಾಗುತ್ತದೆ. ಇಂಗ್ಲೆಂಡಿನಲ್ಲಿ ಅದು ಹೆಚ್ಚಾಗಿ ಧಾನ್ಯದಿಂದ. ನಮ್ಮ ದೇಶದಲ್ಲಿ ಧಾನ್ಯದಿಂದಲೂ ಆಗುತ್ತದೆ, ಸಕ್ಕರೆ ಮಾಡುವಾಗ ಉಳಿಯುವ ಕಾಕಂಬಿಯಿಂದಲೂ ಆಗುತ್ತದೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಪಕ್ಕ ಹೋದವರಿಗೆ ಕಾಕಂಬಿಯ ವಾಸನೆ ಗೊತ್ತೇ ಇರುತ್ತದೆ. ಆ ಮದ್ಯಸಾರದಲ್ಲಿ ಜುನಿಪರ್ ಮತ್ತು ಮಸಾಲೆ ನೆನೆಹಾಕಿ ಮತ್ತೆ ಬಟ್ಟಿ ಇಳಿಸುತ್ತಾರೆ. ಬಟ್ಟಿ ಇಳಿಸಿದ ಮೇಲೆ ಬಣ್ಣ, ರುಚಿ ಯಾವುದನ್ನೂ ಬೆರೆಸದಿದ್ದರೆ ಅದು 'ಲಂಡನ್ ಡ್ರೈ'. ಯುರೋಪಿನ ನಿಯಮದಲ್ಲಿ ಲೀಟರಿಗೆ 0.1 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುವಂತಿಲ್ಲ. ಲಂಡನ್ನಿನಲ್ಲೇ ಮಾಡಬೇಕು ಅಂತೇನೂ ಇಲ್ಲ. ಗೋವಾದಲ್ಲೂ ಮಾಡುತ್ತಾರೆ. ಅದು ಊರಿನ ಹೆಸರಲ್ಲ, ಮಾಡುವ ವಿಧಾನದ ಹೆಸರು.

'ಡ್ರೈ' ಅಂದರೆ ಸಿಹಿ ಇಲ್ಲದ್ದು ಅಂತ ಅರ್ಥ. 1700ರ ದಶಕಗಳಲ್ಲಿ ಲಂಡನ್ನಿನ ಜಿನ್ ಬಹಳ ಕೆಟ್ಟದಾಗಿತ್ತು. ಆ ಕೆಟ್ಟ ರುಚಿ ಮುಚ್ಚಲು ಸಿಹಿ ಹಾಕುವುದು ಸಾಮಾನ್ಯವಾಯಿತು. 1830ರ ಸುಮಾರಿಗೆ ಈನಿಯಸ್ ಕಾಫಿ ಅನ್ನುವವರು ಎತ್ತರದ ಕಂಬದಂಥ ಹೊಸ ಬಟ್ಟಿಗೆ ಪೇಟೆಂಟ್ ಪಡೆದರು. ಶುದ್ಧ ಮದ್ಯಸಾರ ಸುಲಭವಾಗಿ ಸಿಗತೊಡಗಿತು. ಮುಚ್ಚುವುದು ಏನೂ ಇಲ್ಲ ಅಂದಮೇಲೆ ಸಿಹಿ ಯಾಕೆ? ಹಾಗೆ ನಿಧಾನಕ್ಕೆ ಡ್ರೈ ಜಿನ್ ಬಂತು. ಸ್ಪ್ರೈಟ್ ಸುರಿಯುವಾಗ ನಾವು ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತೇವೆ ಅಂತ ನನಗೆ ಅನಿಸುವುದು ಇದಕ್ಕೇ.

ಈಗ ಅಂಗಡಿಗೆ ಬನ್ನಿ. ಮೊದಲ ಸಲಕ್ಕೆ ಫುಲ್ ಬಾಟಲಿ ಬೇಡ. ಕ್ವಾರ್ಟರ್ ಸಿಕ್ಕರೆ ಅದು, ಇಲ್ಲದಿದ್ದರೆ ಹಾಫ್ ತನ್ನಿ. ಲೇಬಲ್ ಮೇಲೆ 'ಲಂಡನ್ ಡ್ರೈ' ಅಂತ ಇರಲಿ. ಗುಲಾಬಿ ಬಣ್ಣದ್ದು, ಹಣ್ಣಿನ ರುಚಿಯದ್ದು ಈ ಪಾಕಗಳಿಗೆ ಬರುವುದಿಲ್ಲ. ಕೆಲವು ಅಗ್ಗದ ಜಿನ್‌ಗಳಲ್ಲಿ ಬಟ್ಟಿ ಇಳಿಸದೆ ಬರೀ ಎಸೆನ್ಸ್ ಬೆರೆಸಿರುತ್ತಾರೆ. ಪರೀಕ್ಷೆ ಸುಲಭ. ಒಂದು ಚಮಚ ಜಿನ್‌ಗೆ ಒಂದು ಚಮಚ ತಣ್ಣೀರು ಬೆರೆಸಿ ಮೂಸಿ ನೋಡಿ. ಕಟ್ಟಿಗೆ, ಹವೀಜ, ಲಿಂಬೆಸಿಪ್ಪೆ ಒಂದೊಂದಾಗಿ ಬಂದರೆ ಒಳ್ಳೆಯದು. ಬರೀ ಆಸ್ಪತ್ರೆಯ ಸ್ಪಿರಿಟ್ ವಾಸನೆ ಬಂದರೆ ಮುಂದಿನ ಸಲ ಬೇರೆ ಬ್ರ್ಯಾಂಡ್ ನೋಡಿ.

ಗೋವಾದಲ್ಲಿ ಅಗ್ಗ ಅಂತ ಬ್ಯಾಗಿಗೆ ತುಂಬಿಕೊಂಡು ಬರಬೇಡಿ. ಗಡಿಯಲ್ಲಿ ಅಬಕಾರಿಯವರ ತಪಾಸಣೆ ಇರುತ್ತದೆ, ಕೇಸ್ ಆಗುತ್ತದೆ. ಮನೆಯಲ್ಲಿ ಬಟ್ಟಿ ಇಳಿಸುವ ಯೋಚನೆಯಂತೂ ಬೇಡವೇ ಬೇಡ. ಅದು ಅಪರಾಧ, ಜೀವಕ್ಕೂ ಅಪಾಯ.

ಐಸ್: ಇಲ್ಲಿಯೇ ಎಲ್ಲರೂ ತಪ್ಪುವುದು

ಕಾಕ್‌ಟೇಲ್‌ನಲ್ಲಿ ಐಸ್ ಬರೀ ತಂಪಿಗಲ್ಲ. ಅದು ಕರಗಿ ಸೇರುವ ನೀರು ಕೂಡ ಪಾಕದ ಒಂದು ಪಾಲು. ಹಾಗಾಗಿ ನೀರು ಚೆನ್ನಾಗಿರಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಮಾಡಿದ ಐಸ್ ಸುಣ್ಣದ ಹಾಗೆ ಬೆಳ್ಳಗೆ ಕಾಣುತ್ತದೆ, ಉಪ್ಪುಪ್ಪು ರುಚಿ ಬಿಡುತ್ತದೆ. ನಾನು ಮೊದಲು ಮಾಡಿದ ಮಾರ್ಟಿನಿ ಇದರಿಂದಲೇ ಕೆಟ್ಟಿತು. ಜಿನ್ ಬದಲಾಯಿಸಿದೆ, ಗ್ಲಾಸ್ ಬದಲಾಯಿಸಿದೆ. ಐಸ್ ಬದಲಾಯಿಸಬೇಕು ಅಂತ ಹೊಳೆಯಲು ಎರಡು ತಿಂಗಳು ಬೇಕಾಯಿತು. ಫಿಲ್ಟರ್ ನೀರು, ಅಂದರೆ ಆರ್‌ಒ ನೀರು ಬಳಸಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ಮಾಮೂಲು. ಫ್ರಿಜ್ಜಿನ ಟ್ರೇಯ ಸಣ್ಣ ತುಂಡು ಗ್ಲಾಸಿಗೆ ಬಿದ್ದ ಐದು ನಿಮಿಷಕ್ಕೆ ನೀರು. ಅದಕ್ಕೆ ಹಿಂದಿನ ದಿನವೇ ಸಣ್ಣ ಸ್ಟೀಲ್ ವಾಟಿಗಳಲ್ಲಿ ನೀರು ತುಂಬಿ ಫ್ರೀಜರಿನಲ್ಲಿಡಿ. ದೊಡ್ಡ ಗಡ್ಡೆ ನಿಧಾನಕ್ಕೆ ಕರಗುತ್ತದೆ. ಮೇಲೆ ಮುಚ್ಚಳ ಇರಲಿ. ಇಲ್ಲದಿದ್ದರೆ ಪಕ್ಕದ ಬಳ್ಳೊಳ್ಳಿ ಚಟ್ನಿಯ ವಾಸನೆಯನ್ನು ಐಸ್ ಹೀರಿಕೊಳ್ಳುತ್ತದೆ. ಕುಡಿಯುವ ಗ್ಲಾಸನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಡಿ.

ಬೆಳಗಾವಿಯ ಕ್ಯಾಂಪ್ ಏರಿಯಾದಲ್ಲಿ ನಮ್ಮ ಕಾಕಾ ಇದ್ದಾರೆ. ಮಿಲಿಟರಿಯಿಂದ ನಿವೃತ್ತರು. ನನಗೆ ಜಿನ್ ಪರಿಚಯ ಮಾಡಿಸಿದ್ದು ಅವರೇ. ನಾನು ಎರಡು ತುಂಡು ಐಸ್ ಹಾಕಿದ್ದು ನೋಡಿ, "ಐಸ್ ಜಾಸ್ತಿ ಹಾಕಪಾ, ಜಾಸ್ತಿ ಇದ್ರ ಕರಗೂದು ಕಡಿಮಿ" ಅಂದಿದ್ದರು. ಆಗ ನಂಬಲಿಲ್ಲ. ಆದರೆ ಮಾತು ಖರೇ. ಗ್ಲಾಸಿನ ತುಂಬ ಐಸ್ ಇದ್ದರೆ ಎಲ್ಲ ಬೇಗ ತಂಪಾಗುತ್ತದೆ, ಆಮೇಲೆ ಕರಗುವುದು ನಿಧಾನ.

ಲಿಂಬೆಹಣ್ಣನ್ನು ಹಿಡಿಯುವ ಕ್ರಮ

ಇಂಗ್ಲಿಷಿನಲ್ಲಿ ಲೆಮನ್ ಬೇರೆ, ಲೈಮ್ ಬೇರೆ. ನಮ್ಮಲ್ಲಿ ಎರಡಕ್ಕೂ ಲಿಂಬಿಹಣ್ಣೇ. ಲೆಮನ್ ದೊಡ್ಡದು, ದಪ್ಪ ಸಿಪ್ಪೆ, ಹುಳಿ ಸ್ವಲ್ಪ ಮೆತ್ತಗೆ. ಇಂಡಿಯದು ಕಾಗದಿ ಲಿಂಬೆ, ಅಂದರೆ ಲೈಮ್. ಸಿಪ್ಪೆ ಕಾಗದದಷ್ಟು ತೆಳು, ಹುಳಿ ಖಡಕ್, ವಾಸನೆ ಜಾಸ್ತಿ. ಹೊರದೇಶದ ಪಾಕದಲ್ಲಿ ಲೆಮನ್ ರಸ 30 ಮಿಲಿ ಅಂತ ಇದ್ದರೆ ನಾನು ನಮ್ಮ ಲಿಂಬೆಯದ್ದು 20ರಿಂದ 25 ಮಿಲಿ ಹಾಕುತ್ತೇನೆ.

ಹಣ್ಣು ಕೈಯಲ್ಲಿ ಹಿಡಿದರೆ ಭಾರ ಅನಿಸಬೇಕು. ಹಸಿರು ಬಿಟ್ಟು ಹಳದಿಗೆ ತಿರುಗುತ್ತಿರುವುದು ಚೆಂದ. ತೊಳೆದು, ಒರೆಸಿ, ಅಂಗೈ ಕೆಳಗಿಟ್ಟು ಕಟ್ಟೆಯ ಮೇಲೆ ಉರುಳಿಸಿ. ರಸ ಸಲೀಸಾಗಿ ಬಿಡುತ್ತದೆ. ಒಂದು ಹಣ್ಣಿಗೆ ಸುಮಾರು 10ರಿಂದ 15 ಮಿಲಿ ಸಿಗುತ್ತದೆ. ಸಿಪ್ಪೆ ತಿರುಚುವಷ್ಟು ಜೋರಾಗಿ ಹಿಂಡಬೇಡಿ, ಕಹಿ ಇಳಿಯುತ್ತದೆ. ರಸವನ್ನು ಅವತ್ತೇ ಹಿಂಡಿ, ಅವತ್ತೇ ಮುಗಿಸಿ. ರಾತ್ರಿ ಇಟ್ಟ ರಸ ಬೆಳಿಗ್ಗೆ ಬೇರೆಯೇ ರುಚಿ ಕೊಡುತ್ತದೆ.

ಮೊದಲ ಪಾಕ: ಗಿಮ್ಲೆಟ್

ಎಲ್ಲರೂ ಜಿನ್ ಟಾನಿಕ್‌ನಿಂದ ಶುರು ಮಾಡಿ ಅನ್ನುತ್ತಾರೆ. ನಾನು ಗಿಮ್ಲೆಟ್‌ನಿಂದ ಅನ್ನುತ್ತೇನೆ. ಇದರಲ್ಲಿ ಮುಖ್ಯವಾಗಿ ಇರುವುದು ಎರಡೇ: ಜಿನ್ ಮತ್ತು ಲಿಂಬೆ ಕಾರ್ಡಿಯಲ್, ಅಂದರೆ ಸಕ್ಕರೆ ಸೇರಿಸಿ ಕಾಯ್ದಿಟ್ಟ ಲಿಂಬೆ ರಸ. ಜಿನ್ ಏನು ಅನ್ನುವುದು ಬಾಯಿಗೆ ನೇರವಾಗಿ ತಿಳಿಯುತ್ತದೆ.

ಹಿಂದೆ ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುವವರಿಗೆ ಸ್ಕರ್ವಿ ಬರುತ್ತಿತ್ತು. ಒಸಡಿನಲ್ಲಿ ರಕ್ತ, ಹಲ್ಲು ಸಡಿಲ, ಕೊನೆಗೆ ಸಾವು. ವಿಟಮಿನ್ ಸಿ ಇಲ್ಲದ್ದೇ ಕಾರಣ ಅಂತ ಆಗ ಗೊತ್ತಿರಲಿಲ್ಲ. ಹುಳಿ ಹಣ್ಣಿನ ರಸದಿಂದ ವಾಸಿಯಾಗುತ್ತದೆ ಅಂತ ಮಾತ್ರ ಗೊತ್ತಿತ್ತು. ಬ್ರಿಟಿಷ್ ನೌಕಾಪಡೆ 1795ರಿಂದ ನಾವಿಕರಿಗೆ ಆ ರಸ ಕೊಡತೊಡಗಿತು. ರಸ ಕೆಡದಿರಲಿ ಅಂತ ಮದ್ಯ ಬೆರೆಸಿ ಇಡುತ್ತಿದ್ದರು. 1867ರಲ್ಲಿ ಲಾಕ್ಲನ್ ರೋಸ್ ಅನ್ನುವ ಸ್ಕಾಟ್ಲೆಂಡಿನವರು ಮದ್ಯವಿಲ್ಲದೆ, ಸಕ್ಕರೆಯಲ್ಲಿ ಲೈಮ್ ರಸ ಕಾಯ್ದಿಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅದೇ ಲೈಮ್ ಕಾರ್ಡಿಯಲ್. ಹಡಗಿನಲ್ಲಿ ನಾವಿಕರಿಗೆ ರಮ್, ಅಧಿಕಾರಿಗಳಿಗೆ ಜಿನ್. ಆ ಜಿನ್ ಮತ್ತು ಈ ಕಾರ್ಡಿಯಲ್ ಸೇರಿ ಗಿಮ್ಲೆಟ್ ಆಯಿತು. ಗಿಮ್ಲೆಟ್ ಅಂದರೆ ಮರ ಕೊರೆಯುವ ಕೈಬೈರಿಗೆ. ಕುಡಿದರೆ ಹಾಗೇ ಒಳಗಿಳಿಯುತ್ತದೆ ಅಂತ ಹೆಸರು ಬಂದಿರಬಹುದು. ಗಿಮ್ಲೆಟ್ ಅನ್ನುವ ನೌಕಾಪಡೆಯ ವೈದ್ಯರ ಹೆಸರಿನಿಂದ ಬಂತು ಅನ್ನುವವರೂ ಇದ್ದಾರೆ.

ನಮ್ಮ ಕಾಕಾ ಮೆಸ್ಸಿನಲ್ಲಿ ಕುಡಿದು ಕಲಿತದ್ದು ಇದನ್ನೇ, ಅಂಗಡಿಯ ಕಾರ್ಡಿಯಲ್ ಹಾಕಿ. ಒಂದು ದೀಪಾವಳಿಗೆ ನಾನು ಇಂಡಿ ಲಿಂಬೆಯಲ್ಲಿ ಮನೆಯಲ್ಲೇ ಮಾಡಿಕೊಂಡು ಹೋದೆ. ಒಂದು ಗುಟುಕು ಕುಡಿದು ಸುಮ್ನೆ ಕೂತರು. ಆಮೇಲೆ, "ಇಷ್ಟ ವರ್ಷ ನಮ್ಮ ಲಿಂಬಿ ಬಿಟ್ಟು ಬಾಟ್ಲಿಂದ ಕುಡದ್ನಲ್ಲೋ" ಅಂದರು. ಈ ಲೇಖನ ಬರೆಯಬೇಕು ಅನಿಸಿದ್ದು ಅವತ್ತೇ.

ಕಾರ್ಡಿಯಲ್ ಹೀಗೆ ಮಾಡಿ. 16ರಿಂದ 18 ಲಿಂಬೆಹಣ್ಣು ತೊಳೆದು ಒರೆಸಿಕೊಳ್ಳಿ. ಅದರಲ್ಲಿ ಹತ್ತು ಹಣ್ಣಿನ ಸಿಪ್ಪೆಯನ್ನು ಸಣ್ಣ ತೂತಿನ ತುರಿಮಣೆಯಲ್ಲಿ ಮೆಲ್ಲಗೆ ತುರಿಯಿರಿ. ಮೇಲಿನ ಬಣ್ಣದ ಪದರ ಮಾತ್ರ ಬರಬೇಕು. ಕಾಗದಿ ಲಿಂಬೆಯ ಸಿಪ್ಪೆ ತೆಳು, ಒಂದು ಒತ್ತು ಜಾಸ್ತಿಯಾದರೆ ಕೆಳಗಿನ ಬಿಳಿ ಬರುತ್ತದೆ, ಬಿಳಿ ಬಂದರೆ ಕಹಿ. ಈ ತುರಿಗೆ 200 ಗ್ರಾಂ ಸಕ್ಕರೆ ಹಾಕಿ ಬೆರಳಲ್ಲಿ ಚೆನ್ನಾಗಿ ಉಜ್ಜಿ, ಮುಚ್ಚಿ ಮೂರು ನಾಲ್ಕು ಗಂಟೆ ಬಿಡಿ. ಸಿಪ್ಪೆಯ ಎಣ್ಣೆಯನ್ನು ಸಕ್ಕರೆ ಎಳೆದುಕೊಂಡು ಒದ್ದೆ ಮಣ್ಣಿನ ಹಾಗಾಗುತ್ತದೆ. ಮುಚ್ಚಳ ತೆಗೆದಾಗ ಬರುವ ಪರಿಮಳಕ್ಕೆ ಮನೆಮಂದಿ ಎಲ್ಲ ಅಡುಗೆಮನೆಗೆ ಬರುತ್ತಾರೆ. ಆಮೇಲೆ 75 ಮಿಲಿ ಬಿಸಿನೀರು ಹಾಕಿ ಕರಗಿಸಿ. ಆರಿದ ಮೇಲೆ ಎಲ್ಲ ಹಣ್ಣಿನ ರಸ, ಸುಮಾರು 200 ಮಿಲಿ, ಸೇರಿಸಿ. ರಸವನ್ನು ಕುದಿಸಲೇಬೇಡಿ. ತೆಳು ಬಟ್ಟೆಯಲ್ಲಿ ಸೋಸಿ, ಬಿಸಿನೀರಲ್ಲಿ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ. ಫ್ರಿಜ್ಜಿನಲ್ಲಿ ಹತ್ತು ದಿನ ಚೆನ್ನಾಗಿರುತ್ತದೆ.

ಮಹಾಲಿಂಗಪುರದ ಬೆಲ್ಲ ಹಾಕಿದರೆ ಹೇಗೆ ಅಂತ ಗೆಳೆಯರೊಬ್ಬರು ಕೇಳಿದರು. ಮಾಡಿ ನೋಡಿದೆ. ಪಾನಕ ಬಹಳ ಚೆಂದ ಆಯಿತು, ಆದರೆ ಜಿನ್ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇದಕ್ಕೆ ಬಿಳಿ ಸಕ್ಕರೆಯೇ ಸರಿ.

ಈಗ ಗಿಮ್ಲೆಟ್. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಇದ್ದರೆ ಶೇಕರ್ ಬೇಕಿಲ್ಲ. ಗಾಜಿನ ಬಾಟಲಿ ಬೇಡ, ಐಸ್ ಬಡಿದು ಒಡೆಯಬಹುದು. ಡಬ್ಬಿಗೆ 60 ಮಿಲಿ ಜಿನ್, 25ರಿಂದ 30 ಮಿಲಿ ಕಾರ್ಡಿಯಲ್, ಒಂದು ಚಮಚ ತಾಜಾ ಲಿಂಬೆ ರಸ ಹಾಕಿ, ಐಸ್ ತುಂಬಿ. 12 ಸೆಕೆಂಡು ಜೋರಾಗಿ ಅಲ್ಲಾಡಿಸಿ. ಡಬ್ಬಿಯ ಹೊರಗೆ ಮಂಜು ಕಟ್ಟಿ ಕೈ ಜುಮ್ಮೆನ್ನಬೇಕು. ಚಹಾ ಸೋಸುವ ಜಾಲರಿಯಲ್ಲಿ ತಣ್ಣನೆಯ ಗ್ಲಾಸಿಗೆ ಸೋಸಿ. ಗ್ಲಾಸಿಗೆ ಐಸ್ ಬೇಡ. ಅಳತೆಗೆ ಪೆಗ್ ಮೆಜರ್ ಬಳಸಿ, ಕಣ್ಣಳತೆ ನಂಬಬೇಡಿ. 1930ರ ಸುಮಾರಿನ ಪಾಕದಲ್ಲಿ ಜಿನ್ ಅರ್ಧ, ಕಾರ್ಡಿಯಲ್ ಅರ್ಧ ಇರುತ್ತಿತ್ತು. ಇವತ್ತಿನ ನಾಲಿಗೆಗೆ ಅದು ಬಹಳ ಸಿಹಿ.

ಒಂದು ಲೆಕ್ಕ ನೆನಪಿರಲಿ. ನಮ್ಮಲ್ಲಿ ಸಿಗುವ ಜಿನ್ ಹೆಚ್ಚಾಗಿ 42.8 ಶೇಕಡಾ. ಅಂದರೆ 60 ಮಿಲಿಯಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್. ಲಿಂಬೆ ಸಿಹಿಯಲ್ಲಿ ಅದು ಬಾಯಿಗೆ ಗೊತ್ತಾಗುವುದಿಲ್ಲ, ತಲೆಗೆ ಮಾತ್ರ ಗೊತ್ತಾಗುತ್ತದೆ. ನಾನು ಒಂದು ಸಂಜೆಗೆ ಒಂದು, ಹಬ್ಬಕ್ಕೆ ಎರಡು ಅಂತ ಇಟ್ಟುಕೊಂಡಿದ್ದೇನೆ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ಒಂದು ಗಿಮ್ಲೆಟ್ ಕುಡಿದರೂ ಅದು ದಾಟಬಹುದು. ಬೈಕ್ ಕೀಲಿ ಮೊದಲೇ ಮನೆಯವರ ಕೈಗೆ ಕೊಟ್ಟುಬಿಡಿ.

ಟಾಮ್ ಕಾಲಿನ್ಸ್, ಬೇಸಿಗೆಗೆ

ಉದ್ದ ಗ್ಲಾಸು, ತುಂಬ ಐಸ್. 45 ಮಿಲಿ ಜಿನ್, 20 ಮಿಲಿ ಲಿಂಬೆ ರಸ, 20 ಮಿಲಿ ಸಕ್ಕರೆ ಪಾಕ ಹಾಕಿ ಕಲಸಿ. ಮೇಲೆ ತಣ್ಣನೆಯ ಸೋಡಾ 90ರಿಂದ 100 ಮಿಲಿ, ಮೆಲ್ಲಗೆ ಸುರಿಯಿರಿ. ಆಮೇಲೆ ಒಂದೇ ಸಲ ಚಮಚ ತಿರುಗಿಸಿ. ಜಾಸ್ತಿ ಕಲಸಿದರೆ ಗ್ಯಾಸ್ ಹೋಗುತ್ತದೆ. ಸಕ್ಕರೆ ಪಾಕ ಅಂದರೆ ಸಕ್ಕರೆ, ನೀರು ಸಮಸಮ ಕರಗಿಸಿದ್ದು, ಎಳೆಪಾಕ ಅಲ್ಲ. ಮೂಲದಲ್ಲಿ ಇದು ಲೆಮನ್‌ನಲ್ಲಿ ಮಾಡುವ ಪಾಕ. ನಮ್ಮ ಲಿಂಬೆಯಲ್ಲಿ ಇನ್ನಷ್ಟು ಚುರುಕಾಗುತ್ತದೆ. ಸಕ್ಕರೆ ಪೂರ್ತಿ ಬಿಟ್ಟರೆ ಅದು ಜಿನ್ ರಿಕಿ. ಸಕ್ಕರೆ ಕಾಯಿಲೆಯವರು ಇದನ್ನೂ ವೈದ್ಯರನ್ನು ಕೇಳಿಯೇ ಮುಟ್ಟಿ.

ತಿನ್ನಲು ಮಿರ್ಚಿ ಭಜಿ, ಗಿರ್ಮಿಟ್ ಇದ್ದರೆ ಇದೇ ಸರಿಯಾದ ಜೋಡಿ. ಖಾರಕ್ಕೆ ಸೋಡಾ ಲಿಂಬೆ ಒಗ್ಗುತ್ತದೆ. ಗಿಮ್ಲೆಟ್‌ಗೆ ಹುರಿದ ಶೇಂಗಾ ಸಾಕು.

ಜಿನ್ ಟಾನಿಕ್

ಸೋಡಾ ಬೇರೆ, ಟಾನಿಕ್ ಬೇರೆ. ಟಾನಿಕ್‌ನಲ್ಲಿ ಕ್ವಿನೈನ್ ಇರುತ್ತದೆ, ಸಕ್ಕರೆಯೂ ಇರುತ್ತದೆ. ಕ್ವಿನೈನ್ ಸಿಂಕೋನಾ ಮರದ ತೊಗಟೆಯ ಕಹಿ, ಮಲೇರಿಯಾದ ಹಳೆಯ ಔಷಧ. ಬ್ರಿಟಿಷರು 1860ರ ದಶಕದಲ್ಲಿ ನೀಲಗಿರಿಯಲ್ಲಿ ಈ ಮರಗಳ ತೋಟವನ್ನೇ ಹಾಕಿದರು. ಕಹಿ ಔಷಧವನ್ನು ಸಕ್ಕರೆ, ಸೋಡಾ, ಜಿನ್ ಜೊತೆ ಕುಡಿಯುವ ರೂಢಿ ಬೆಳೆದದ್ದು ನಮ್ಮ ದೇಶದಲ್ಲೇ. ಇವತ್ತಿನ ಟಾನಿಕ್‌ನಲ್ಲಿ ಕ್ವಿನೈನ್ ತೀರ ಕಡಿಮೆ, ಅದರಿಂದ ಯಾವ ಜ್ವರವೂ ಹೋಗುವುದಿಲ್ಲ.

45 ಮಿಲಿ ಜಿನ್‌ಗೆ 120ರಿಂದ 135 ಮಿಲಿ ಟಾನಿಕ್. ಎರಡೂ ಮೊದಲೇ ತಂಪಾಗಿರಲಿ. ಟಾನಿಕ್‌ನ ಸಣ್ಣ ಬಾಟಲಿ ಕೊಳ್ಳಿ, ದೊಡ್ಡದು ತೆರೆದಿಟ್ಟರೆ ಮರುದಿನಕ್ಕೆ ಗ್ಯಾಸ್ ಉಳಿಯುವುದಿಲ್ಲ. ಒಂದು ಹೋಳು ಲಿಂಬೆ ಮೆಲ್ಲಗೆ ಹಿಂಡಿ ಒಳಗೇ ಬಿಡಿ.

ಮಾರ್ಟಿನಿ ಮತ್ತು ನೆಗ್ರೋನಿ

ಇವೆರಡಕ್ಕೂ ವರ್ಮುತ್ ಬೇಕು. ಅದು ಮಸಾಲೆ ಹಾಕಿದ ವೈನ್. ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ, ಬೆಂಗಳೂರಿಗೆ ಹೋಗುವವರಿಗೆ ಹೇಳಿ ತರಿಸಬೇಕು. ತೆರೆದ ಮೇಲೆ ಫ್ರಿಜ್ಜಿನಲ್ಲೇ ಇಡಿ, ಒಂದೆರಡು ತಿಂಗಳಲ್ಲಿ ಮುಗಿಸಿ. ಶೋಕೇಸಿನಲ್ಲಿ ವರ್ಷ ಇಟ್ಟ ವರ್ಮುತ್ ಹಾಕಿ "ಮಾರ್ಟಿನಿ ಚೆನ್ನಾಗಿಲ್ಲ" ಅನ್ನುವುದು ಅನ್ಯಾಯ.

ಮಾರ್ಟಿನಿಗೆ 60 ಮಿಲಿ ಜಿನ್, 10ರಿಂದ 15 ಮಿಲಿ ಡ್ರೈ ವರ್ಮುತ್. ದೊಡ್ಡ ಲೋಟದಲ್ಲಿ ಐಸ್ ತುಂಬಿ ಉದ್ದ ಚಮಚದಿಂದ 30 ಸೆಕೆಂಡು ತಿರುಗಿಸಿ, ಸೋಸಿ. ಅಲ್ಲಾಡಿಸಬೇಡಿ. ಹಣ್ಣಿನ ರಸ ಇರುವ ಪಾಕಕ್ಕೆ ಅಲ್ಲಾಡಿಸುವುದು, ಬರೀ ಮದ್ಯ ಇರುವುದಕ್ಕೆ ತಿರುಗಿಸುವುದು, ಇದೇ ಹಳೆಯ ನಿಯಮ. ಅಲ್ಲಾಡಿಸಿದರೆ ಗಾಳಿ ಮತ್ತು ಐಸಿನ ಚೂರು ಸೇರಿ ಮಬ್ಬಾಗುತ್ತದೆ, ಆ ರೇಷ್ಮೆಯಂಥ ನಯ ಹೋಗುತ್ತದೆ. ನಮ್ಮ ಲಿಂಬೆ ಸಿಪ್ಪೆಯನ್ನು ಉದ್ದಕ್ಕೆ ಸುರುಳಿ ತೆಗೆಯಲು ಬರುವುದಿಲ್ಲ. ನಾಣ್ಯದಷ್ಟು ಒಂದು ತುಂಡು ಕೆತ್ತಿ, ಗ್ಲಾಸಿನ ಮೇಲೆ ಹಿಡಿದು ಬಾಗಿಸಿ. ಎಣ್ಣೆಯ ತುಂತುರು ಬಿದ್ದರೆ ಸಾಕು. ಇದರ ಜೊತೆ ಶೇಂಗಾ ಚಟ್ನಿ, ಕೆಂಪು ಖಾರ ಬೇಡ. ಖಾರದ ನಾಲಿಗೆಗೆ ಮಾರ್ಟಿನಿ ಬರೀ ಉರಿ.

ನೆಗ್ರೋನಿ ಸುಲಭ. ಜಿನ್, ಕಂಪಾರಿ (ಇಟಲಿಯ ಕೆಂಪು ಬಣ್ಣದ ಕಹಿ ಮದ್ಯ), ಸಿಹಿ ವರ್ಮುತ್ ತಲಾ 30 ಮಿಲಿ, ಐಸ್ ಮೇಲೆ ತಿರುಗಿಸಿ, ಒಂದು ಕಿತ್ತಳೆ ಸಿಪ್ಪೆ. 1919ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಕಾಮಿಲ್ಲೊ ನೆಗ್ರೋನಿ ಅನ್ನುವ ಶ್ರೀಮಂತರು ಕೇಳಿ ಮಾಡಿಸಿಕೊಂಡರು ಅನ್ನುವುದು ಪ್ರಚಲಿತ ಕಥೆ. ಬಹಳ ಕಹಿ. ಹಾಗಲಕಾಯಿ ಇಷ್ಟಪಡುವವರು ಮಾಡಿ ನೋಡಿ.

ಉಳಿದ ಕಾರ್ಡಿಯಲ್

ಮೊದಲು ಹೇಳಿದ ಶರಬತ್ತು ಇದೇ. ಕಾರ್ಡಿಯಲ್ 40 ಮಿಲಿ, ತಣ್ಣನೆಯ ಸೋಡಾ 150 ಮಿಲಿ, ಚಿಟಿಕೆ ಉಪ್ಪು, ಐಸ್. ಸಾಧ್ಯವಾದರೆ ಎರಡು ಕಾಳು ಹವೀಜ ಜಜ್ಜಿ ಹಾಕಿ, ಜಿನ್‌ನ ವಾಸನೆಯ ಒಂದು ಎಳೆ ಬರುತ್ತದೆ. ನಮ್ಮ ಮನೆಯಲ್ಲಿ ಕಾಕಾ ಬಂದಾಗ ಒಂದೇ ಥರದ ಗ್ಲಾಸುಗಳಲ್ಲಿ ಇದನ್ನೂ ಗಿಮ್ಲೆಟ್ಟನ್ನೂ ಇಡುತ್ತೇವೆ. ಕಾಕಿ ತಮ್ಮದನ್ನು ಮೊದಲೇ ಗುರುತು ಮಾಡಿಕೊಳ್ಳುತ್ತಾರೆ, ಅಂಚಿಗೆ ಒಂದು ಹೋಳು ಲಿಂಬೆ ಸಿಕ್ಕಿಸಿ. ಸೋಸಿ ಉಳಿದ ಸಿಪ್ಪೆಯ ತುರಿ ಮತ್ತು ಹಿಂಡಿದ ಹೋಳುಗಳು ಉಪ್ಪಿನಕಾಯಿ ಭರಣಿಗೆ ಹೋಗುತ್ತವೆ.